ಬಂಡೆಯ ದೂಳು, ಎದೆಯ ಗೂಡು

1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್‌ರೇ ಯಂತ್ರ ಹೊತ್ತ ವಾಹನಗಳು ಬಂದವು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಹಳ್ಳಿಗಾಡಿನ ಜಿಲ್ಲೆಯೊಂದರಲ್ಲಿ ಕ್ಷಯ ಎಷ್ಟಿದೆ ಎಂದು ತಿಳಿಯಲು ಹೊರಟಿತ್ತು. ಅದಕ್ಕೆ ಆರಿಸಿಕೊಂಡದ್ದು ತುಮಕೂರನ್ನು. ಜನರನ್ನು ಸಾಲಾಗಿ ನಿಲ್ಲಿಸಿ ಎದೆಯ ಚಿತ್ರ ತೆಗೆದರು, ನೆರಳು ಕಂಡವರ ಕಫ ಪರೀಕ್ಷಿಸಿದರು. ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತು. ಆ ಸಂಸ್ಥೆಯಲ್ಲಿ ಆಗ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇದ್ದವರಲ್ಲಿ ಹಾಲ್ಫ್‌ಡಾನ್ ಮಾಹ್ಲರ್ ಒಬ್ಬರು. ಮುಂದೆ 1973ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದವರು.

ಸಮೀಕ್ಷೆಯ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇನ್ನೊಂದು ಕೆಲಸ ಮಾಡಿದರು. ರೋಗ ಇದೆಯೆಂದು ಗೊತ್ತಾದವರ ಮನೆಗೆ ಹೋಗಿ ಕೂತು, ನಿಮಗೆ ಏನೇನು ಆಗುತ್ತಿತ್ತು, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿದರು. ಹಳ್ಳಿಯ ಬಡವರಿಗೆ ಕಾಯಿಲೆಯ ತಿಳಿವಳಿಕೆ ಇಲ್ಲ, ಅವರು ಕೆಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂಬುದು ಆ ಕಾಲದ ಪಟ್ಟಣದ ವಿದ್ಯಾವಂತರ ನಂಬಿಕೆ. 1963ರಲ್ಲಿ ಪ್ರಕಟವಾದ ಉತ್ತರ ಆ ನಂಬಿಕೆಯನ್ನು ಬುಡಮೇಲು ಮಾಡಿತು. ನೂರಕ್ಕೆ 95ರಷ್ಟು ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅವರ ಪೈಕಿ ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ.

ತುಮಕೂರಿನ ಹೆಸರು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಓಡಾಡಿದ್ದು ಈ ಅಧ್ಯಯನದಿಂದ. ಜಿಲ್ಲೆಯವರೇ ಇದನ್ನು ಮರೆತಿರುವುದು ನನಗೆ ಬೇಸರದ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಂಡೆಗಳ ಸುತ್ತ ಇವತ್ತು ಏಳುತ್ತಿರುವ ದೂಳಿನ ವಿಷಯದಲ್ಲೂ ನಡೆದಿರುವುದು ಅದೇ. ಜನರಿಗೆ ಉಸಿರು ಕಟ್ಟುತ್ತಿರುವುದು ಗೊತ್ತು. ಅದು ಯಾಕೆ, ಯಾವುದರಿಂದ, ಮುಂದೆ ಏನಾದೀತು ಎಂದು ಗೊತ್ತಿರುವವರು ಬೇರೆ ಕಡೆ ಇದ್ದಾರೆ, ಮತ್ತು ಅವರಿಗೆ ಅದು ಇವತ್ತು ನಿನ್ನೆ ಗೊತ್ತಾದದ್ದಲ್ಲ.

ಮಧುಗಿರಿಯಿಂದ ಒಂದು ದಿನದ ದಾರಿಯೂ ಅಲ್ಲದ ಕೋಲಾರದ ಚಿನ್ನದ ಗಣಿಯಲ್ಲಿ ಈ ತಿಳಿವು ಹುಟ್ಟಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಭೂಮಿಯ ಆಳಕ್ಕೆ ಇಳಿಯುತ್ತಲೇ ಹೋದವು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಬೆಣಚುಕಲ್ಲು ಎಂದರೆ ಅಪ್ಪಟ ಸಿಲಿಕಾ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕೂಲಿಗಳು ಆ ಕಲ್ಲನ್ನು ಕೊರೆದರು, ಸಿಡಿಸಿದರು, ಮೇಲೆ ತಂದು ಪುಡಿ ಮಾಡಿದರು. ಹತ್ತು ಹದಿನೈದು ವರ್ಷ ಕೆಳಗೆ ದುಡಿದ ಗಟ್ಟಿ ಆಳು ಮೆಟ್ಟಿಲು ಹತ್ತಲಾರದೆ ಕೂರುವುದು ಅಲ್ಲಿನ ಕೂಲಿ ಲೈನುಗಳಲ್ಲಿ ಎಲ್ಲರೂ ಕಂಡ ನೋಟ. ಅದನ್ನು ಕ್ಷಯ ಎಂದರು, ಕುಡಿತ ಎಂದರು, ಹುಟ್ಟೂರಿನಿಂದ ತಂದುಕೊಂಡ ಕಾಯಿಲೆ ಎಂದರು.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದೇ ಕತೆ ಮೊದಲೇ ನಡೆದು, ಬಿಳಿಯ ಗಣಿಗಾರರ ಸಾವು ದೊಡ್ಡ ಗದ್ದಲವಾಗಿ, 1910ರ ಆಸುಪಾಸಿನಲ್ಲೇ ಅಲ್ಲಿ ಪರಿಹಾರದ ಕಾನೂನು ಬಂದಿತ್ತು. 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹಲವು ದೇಶಗಳ ವೈದ್ಯರು ಸೇರಿ, ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯ ಬಗ್ಗೆಯೇ ಸಮ್ಮೇಳನ ನಡೆಸಿದರು. 1934ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅದನ್ನು ಪರಿಹಾರ ಕೊಡಲೇಬೇಕಾದ ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮೈಸೂರು ಸಂಸ್ಥಾನ ಪರಿಹಾರದ ನಿಯಮಕ್ಕೆ ಒಪ್ಪಿದ್ದು 1940ರಲ್ಲಿ. ಅಷ್ಟು ಹೊತ್ತಿಗೆ ಗಣಿಗೆ ಅರವತ್ತು ವರ್ಷ ತುಂಬಿತ್ತು. ಎಷ್ಟು ಎದೆಗಳು ಲೆಕ್ಕಕ್ಕೇ ಸಿಗದೆ ಮಣ್ಣಾದವೋ ಹೇಳುವವರಿಲ್ಲ.

ಕಾನೂನು ಬಂದ ಮೇಲೆ ಕಂಪನಿ ಎಕ್ಸ್‌ರೇ ತೆಗೆಯಲೇಬೇಕಾಯಿತು. 1940ರಿಂದ 1946ರವರೆಗೆ ಪರೀಕ್ಷೆಯಾದ 7,653 ಗಣಿಗಾರರ ವಿವರವನ್ನು ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ಇಬ್ಬರು ವೈದ್ಯರು 1947ರಲ್ಲಿ ಬರೆದಿಟ್ಟರು. ನೂರಕ್ಕೆ ಸುಮಾರು 44 ಮಂದಿಯಲ್ಲಿ ಸಿಲಿಕೋಸಿಸ್ ಇತ್ತು. ಭಾರತದಲ್ಲಿ ಈ ಕಾಯಿಲೆಯ ಬಗ್ಗೆ ಯಾರು ಏನೇ ಬರೆದರೂ ಮೊದಲ ಸಾಲಿನಲ್ಲಿ ಇವತ್ತಿಗೂ ಬರುವುದು ಕೋಲಾರದ ಹೆಸರು. ಅಂದರೆ ಕಲ್ಲಿನ ದೂಳು ಎದೆಯನ್ನು ಹೇಗೆ ತಿನ್ನುತ್ತದೆ ಎಂಬುದರ ಪಾಠಶಾಲೆ ನಮ್ಮ ರಾಜ್ಯದೊಳಗೇ ಇತ್ತು. ಪಾಠ ಗಣಿಯ ಬೇಲಿ ದಾಟಲಿಲ್ಲ, ಅಷ್ಟೆ.

ಆ ಪಾಠ ಇಷ್ಟು. ಕಣ್ಣಿಗೆ ಕಾಣುವ ದಪ್ಪ ದೂಳು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೀನಿದರೆ, ಕ್ಯಾಕರಿಸಿದರೆ ಆಚೆ ಬರುತ್ತದೆ. ಕೇಡು ಮಾಡುವುದು ಕಣ್ಣಿಗೆ ಕಾಣದ್ದು, ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಣ್ಣದು. ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಕಸ ತಿನ್ನಲು ಕಾದಿರುವ ಜೀವಕೋಶಗಳು ಸಿಲಿಕಾದ ಕಣವನ್ನು ನುಂಗಿ, ಅರಗಿಸಲಾಗದೆ ತಾವೇ ಸಾಯುತ್ತವೆ. ಸತ್ತ ಜಾಗ ಗಾಯವಾಗಿ, ಗಾಯ ಗಂಟಾಗಿ, ಗಂಟುಗಳು ಒಂದಕ್ಕೊಂದು ಕೂಡಿ, ಹಿಗ್ಗಿ ಕುಗ್ಗಬೇಕಾದ ಎದೆ ಬಿಗಿದುಕೊಳ್ಳುತ್ತದೆ. ಇದಕ್ಕೆ ಮದ್ದಿಲ್ಲ. ಇನ್ನೂ ಕ್ರೂರವಾದದ್ದು, ಕೆಲಸ ಬಿಟ್ಟ ಮೇಲೂ ಕಾಯಿಲೆ ನಿಲ್ಲುವುದಿಲ್ಲ. ಒಳಗೆ ಕೂತ ಕಣ ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ಇಂಥ ಎದೆಗೆ ಕ್ಷಯ ಹತ್ತುವುದೂ ಸುಲಭ. ಹಾಗಾಗಿ ಕಾಯಿಲೆ ಎರಡಿದ್ದರೂ ಚೀಟಿಯಲ್ಲಿ ಒಂದೇ ಹೆಸರು ಬೀಳುತ್ತದೆ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬರೋಣ. ರಾಮನಗರದ ಕಡೆಯಿಂದ ಹೊರಟು ಮಾಗಡಿ, ಕೊರಟಗೆರೆ, ಮಧುಗಿರಿ, ಪಾವಗಡ ದಾಟಿ ಬಳ್ಳಾರಿಯತ್ತ ಸಾಗುವ ಗ್ರಾನೈಟಿನ ಬೆನ್ನೆಲುಬೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲೆ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ಕೋಟೆಗುಡ್ಡ ಎಲ್ಲ ಈ ಬಂಡೆಗಾಡಿನವೇ. ಗ್ರಾನೈಟ್ ಎಂದು ಕರೆಸಿಕೊಳ್ಳಬೇಕಾದರೆ ಕಲ್ಲಿನಲ್ಲಿ ಐದನೇ ಒಂದು ಪಾಲಾದರೂ ಬೆಣಚು ಇರಬೇಕು. ಪಾಳೇಗಾರರು ಈ ಬಂಡೆಗಳ ಮೇಲೆ ಕೋಟೆ ಕಟ್ಟಿದರು, ಭೋವಿ ಜನ ತಲೆಮಾರುಗಳಿಂದ ಇವನ್ನು ಒಡೆದು ಹೊಟ್ಟೆ ಹೊರೆದರು. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ, ಉಳಿಯಲ್ಲಿ ಗೂಟದ ಸಾಲು ಕೊರೆದು, ಸಮ್ಮಟಿಗೆಯಲ್ಲಿ ಬಡಿದು ಚಪ್ಪಡಿ ಎಬ್ಬಿಸುವ ವಿದ್ಯೆ ಅವರದು. ಆ ಕೆಲಸದಲ್ಲೂ ದೂಳಿತ್ತು. ಆದರೆ ಕೈಯಲ್ಲಿ ಒಡೆದ ಕಲ್ಲಿನ ದೂಳು ಒಡೆದವನ ಸುತ್ತ ಬೀಳುತ್ತಿತ್ತು, ಊರಿಗೆ ಊರೇ ಉಸಿರಾಡುವಂತೆ ಏಳುತ್ತಿರಲಿಲ್ಲ.

ರಸ್ತೆಗಳು ಬಂದವು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ತುಮಕೂರು, ಶಿರಾ ಮೇಲೆ ನಾಲ್ಕು ಪಥವಾಗಿ ಅಗಲವಾಯಿತು. ಬೆಂಗಳೂರು ಎತ್ತರಕ್ಕೂ ಅಗಲಕ್ಕೂ ಬೆಳೆಯಿತು. ನದಿ ಮರಳು ಬರಿದಾಗಿ, ಕಲ್ಲು ಅರೆದು ಮಾಡುವ ಎಂ-ಸ್ಯಾಂಡ್ ಬಂತು. ಬಂಡೆಗಳ ಪಕ್ಕದಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್‌ಗಳು ಎದ್ದವು. ಜಲ್ಲಿಗೆ ಕಲ್ಲನ್ನು ಎರಡು ಮೂರು ಸಲ ಒಡೆದರೆ ಸಾಕು. ಮರಳಿನಷ್ಟು ಸಣ್ಣ ಮಾಡಬೇಕಾದರೆ ಮತ್ತೆ ಮತ್ತೆ ಅರೆಯಬೇಕು. ಅರೆದಷ್ಟೂ ಸಣ್ಣ ದೂಳು ಹೆಚ್ಚು. ಬಂಡೆ ಸಿಡಿಸುವಾಗ, ದವಡೆಯ ಯಂತ್ರ ಕಲ್ಲು ಕಚ್ಚುವಾಗ, ಜರಡಿ ಅಲ್ಲಾಡುವಾಗ, ಬೆಲ್ಟಿನ ತುದಿಯಿಂದ ಜಲ್ಲಿ ರಾಶಿಗೆ ಬೀಳುವಾಗ, ಟಿಪ್ಪರ್ ಮಣ್ಣುದಾರಿಯಲ್ಲಿ ಓಡುವಾಗ, ಹೆಜ್ಜೆಹೆಜ್ಜೆಗೂ ಅದು ಏಳುತ್ತದೆ. ಸುತ್ತಲ ರೈತರು ಮೊದಲು ಕಂಡದ್ದು ಬೆಳೆಯ ಮೇಲೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ದೂಳು ಕೂತರೆ ರೇಷ್ಮೆಹುಳು ಬಾಯಿ ಹಾಕುವುದಿಲ್ಲ. ಹುಳುವಿನ ಕಾಯಿಲೆ ಒಂದೇ ವಾರದಲ್ಲಿ ಕಣ್ಣಿಗೆ ಬೀಳುತ್ತದೆ. ಮನುಷ್ಯನ ಕಾಯಿಲೆ ಹತ್ತು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಕ್ರಷರ್‌ನ ಮಾಲೀಕ ಬದಲಾಗಿರುತ್ತಾನೆ, ಕೂಲಿಯವನು ಬೇರೆ ಊರಿಗೆ ಹೋಗಿರುತ್ತಾನೆ.

ಕಾನೂನಿನ ಕತೆ ನ್ಯಾಯಾಲಯದಲ್ಲಿ ಶುರುವಾಗುತ್ತದೆ. 1981ರಲ್ಲೇ ವಾಯುಮಾಲಿನ್ಯ ತಡೆ ಕಾಯ್ದೆ ಬಂದಿತ್ತು, ಆದರೆ ಕ್ರಷರ್‌ಗಳಿಗೆ ಅದರ ಬಿಸಿ ತಾಗಿರಲಿಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1992ರ ಮೇ 15ರಂದು ಸುಪ್ರೀಂ ಕೋರ್ಟ್ ದೆಹಲಿಯ ಲಾಲ್ ಕುವಾ ಮುಂತಾದ ಕಡೆಯ ಕ್ರಷರ್‌ಗಳನ್ನು ಮುಚ್ಚಿಸಿ ಹರಿಯಾಣಕ್ಕೆ ಕಳಿಸಿತು. ಕರ್ನಾಟಕದಲ್ಲಿ 1998ರ ಓಬಯ್ಯ ಪೂಜಾರಿ ಪ್ರಕರಣದಲ್ಲಿ ಹೈಕೋರ್ಟ್, ಕಲ್ಲು ಪುಡಿ ಮಾಡುವ ಘಟಕಗಳು ಜನವಸತಿಯಿಂದ ದೂರ 'ಸುರಕ್ಷಿತ ವಲಯ'ಗಳಿಗೆ ಹೋಗಬೇಕೆಂದು ಹೇಳಿತು. ಅದನ್ನು ಕಾನೂನು ಮಾಡಲು ಸರ್ಕಾರಕ್ಕೆ 13 ವರ್ಷ ಬೇಕಾಯಿತು. 2011ರ ಕರ್ನಾಟಕ ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣ ಅಧಿನಿಯಮದ ಪ್ರಕಾರ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದ್ದು.

ಈ ತೀರ್ಪುಗಳು ಒಳ್ಳೆಯವು, ಅನುಮಾನವಿಲ್ಲ. ಆದರೆ ಅವೆಲ್ಲ ಯಂತ್ರ ಎಲ್ಲಿರಬೇಕು ಎಂದು ಹೇಳಿದವು. ದೂಳು ಆಗಲೇ ಯಾರ ಎದೆಯೊಳಗಿದೆ ಎಂದು ಕೇಳಲಿಲ್ಲ. ಲಾಲ್ ಕುವಾದಲ್ಲಿ ಯಂತ್ರಗಳು ಹೋದ ಎಷ್ಟೋ ವರ್ಷದ ನಂತರವೂ ಜನ ಸಾಯುತ್ತಲೇ ಇದ್ದರು, ಕ್ಷಯದ ಚೀಟಿ ಹಿಡಿದು. ಅಲ್ಲಿ ದುಡಿದ ಸಂಘಟನೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋದದ್ದರಿಂದ 2009ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿಲಿಕೋಸಿಸ್ ಸಾವುಗಳ ವಿಚಾರಣೆಗೆ ಇಳಿಯಿತು. ರಾಜಸ್ಥಾನದಲ್ಲಿ ಕಲ್ಲುಗಣಿ ಕಾರ್ಮಿಕರ ಹೋರಾಟದ ಫಲವಾಗಿ 2019ರಲ್ಲಿ ಈ ಕಾಯಿಲೆಗೇ ಪ್ರತ್ಯೇಕ ನೀತಿ ಬಂತು. ರೋಗ ಪತ್ತೆಯಾದವರಿಗೆ ಪ್ರಮಾಣಪತ್ರ, ಹಣದ ನೆರವು, ಸತ್ತರೆ ಮನೆಯವರಿಗೆ ನೆರವು. ಮೊದಲು ಗೊತ್ತಾದದ್ದು ಕೋಲಾರದಲ್ಲಿ, ಕೆಲಸಕ್ಕೆ ಬಂದದ್ದು ರಾಜಸ್ಥಾನದಲ್ಲಿ.

ಕೋಲಾರದಲ್ಲೇ ಏನಾಯಿತು ಎಂಬುದನ್ನೂ ಹೇಳಬೇಕು. 1990ರಲ್ಲಿ ಗಣಿಯ ಊರಾದ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಗಣಿಗಾರರ ಆರೋಗ್ಯ ಸಂಸ್ಥೆ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸಂಸ್ಥೆಯ ಕೇಂದ್ರ ನಾಗಪುರಕ್ಕೆ ಹೋಯಿತು, 2019ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಳಗೆ ಸೇರಿಹೋಯಿತು. ಕೆಜಿಎಫ್‌ನವರಿಗೆ ಉಳಿದದ್ದು ಸೈನೈಡ್ ದಿಬ್ಬಗಳು: ಚಿನ್ನ ತೆಗೆದು ಚೆಲ್ಲಿದ ಕಲ್ಲುಹಿಟ್ಟಿನ ಬೆಟ್ಟಗಳು, ಮೂರು ಕೋಟಿ ಟನ್ನಿಗೂ ಮೇಲೆ. ಗಾಳಿ ತಿಂಗಳುಗಳಲ್ಲಿ ಆ ಹಿಟ್ಟು ಊರ ಮೇಲೆ ಹಾರುತ್ತದೆ. ಗಣಿಯೊಳಗೆ ಎಂದೂ ಇಳಿಯದ ಹೆಂಗಸರೂ ಮಕ್ಕಳೂ ಅದನ್ನು ಉಸಿರಾಡುತ್ತಾರೆ.

ಹಾಗಾದರೆ ಕ್ರಷರ್ ಪಕ್ಕದ ಹಳ್ಳಿಯಲ್ಲಿರುವವರಿಗೆ ಅಪಾಯ ಎಷ್ಟು? ಇಲ್ಲಿ ಹೆದರಿಸುವುದೂ ತಪ್ಪು, ಸಮಾಧಾನ ಹೇಳಿ ಕಳಿಸುವುದೂ ತಪ್ಪು. ಸಿಲಿಕೋಸಿಸ್‌ನ ಮೊದಲ ಬಲಿ ಯಂತ್ರದ ಬಾಯಲ್ಲಿ, ಜರಡಿಯ ಕೆಳಗೆ, ಕೊರೆಯುವ ಯಂತ್ರದ ಮುಂದೆ ನಿಂತು ದುಡಿಯುವವರು. ನಂತರ ಘಟಕದ ಒಳಗೇ ಶೆಡ್ಡು ಹಾಕಿಕೊಂಡು, ಅಲ್ಲೇ ಉಂಡು, ಅಲ್ಲೇ ಮಕ್ಕಳನ್ನು ಮಲಗಿಸುವ ಸಂಸಾರಗಳು. ಒಂದೆರಡು ಕಿಲೋಮೀಟರ್ ಆಚೆಯ ಊರಿನವರಿಗೆ ಸಿಲಿಕೋಸಿಸ್ ಬರುವ ಸಾಧ್ಯತೆ ಅಷ್ಟಿಲ್ಲ. ಆದರೆ ಸಣ್ಣ ದೂಳು ಅವರಲ್ಲಿ ಉಬ್ಬಸವನ್ನು ಕೆರಳಿಸುತ್ತದೆ, ಹೃದಯದ ಕಾಯಿಲೆ ಇದ್ದವರನ್ನು ಕುಗ್ಗಿಸುತ್ತದೆ, ಬೆಳೆಯುವ ಮಕ್ಕಳ ಶ್ವಾಸಕೋಶಕ್ಕೆ ಅಡ್ಡಿಯಾಗುತ್ತದೆ. ಚಳಿಗಾಲದ ಬೆಳಗಿನ ಜಾವ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡಿದ್ದಾಗ ದೂಳು ಮೇಲೇರದೆ ಅಲ್ಲೇ ನಿಲ್ಲುತ್ತದೆ. ಹೊಲಕ್ಕೆ, ಡೇರಿಗೆ ಜನ ಹೊರಡುವ ಹೊತ್ತೂ ಅದೇ. ಒಲೆಯ ಹೊಗೆ ಇದಕ್ಕೆ ಸೇರುತ್ತದೆ. ಯಾವ ಕೆಮ್ಮು ಯಾವುದರಿಂದ ಎಂದು ಬಿಡಿಸಿ ಹೇಳುವುದು ವೈದ್ಯರಿಗೂ ಕಷ್ಟ, ಆದರೆ ಕೇಳದೇ ಹೋದರೆ ಆ ಕಷ್ಟದ ಮೊದಲ ಮೆಟ್ಟಿಲೂ ಹತ್ತಿದಂತಾಗುವುದಿಲ್ಲ.

ಇಟಲಿಯ ವೈದ್ಯ ರಾಮಝ್ಝೀನಿ 1700ರಲ್ಲಿ ಕಸುಬುಗಳ ಕಾಯಿಲೆ ಕುರಿತು ಪುಸ್ತಕ ಬರೆದಾಗ ಕಲ್ಲುಕುಟಿಗರಿಗೆ ಒಂದು ಅಧ್ಯಾಯವನ್ನೇ ಇಟ್ಟ. ರೋಗಿಯನ್ನು ವೈದ್ಯರು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕು ಎಂದ: ನೀನು ಏನು ಕೆಲಸ ಮಾಡುತ್ತೀಯ? ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತ ಕೂಲಿಯವನಿಗೆ ಈ ಪ್ರಶ್ನೆ ಬೀಳಬೇಕು. ಜೊತೆಗೆ, ಹಿಂದೆ ಎಲ್ಲೆಲ್ಲಿ ದುಡಿದಿದ್ದೀಯ ಎಂದೂ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮ ದಶಕಗಳಿಂದ ಕ್ಷಯ, ಕುಷ್ಠ ರೋಗಿಗಳನ್ನು ನೋಡಿಕೊಂಡು ಬಂದಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕೆಮ್ಮಿನ ಲೆಕ್ಕ ಬರೆಯುತ್ತಾರೆ. ಕ್ಷಯಕ್ಕಾಗಿ ಕಟ್ಟಿದ ಈ ಜಾಲದ ಪುಸ್ತಕದಲ್ಲಿ ದೂಳಿನ ಕೆಲಸಕ್ಕೆ ಒಂದು ಕಾಲಂ ಸೇರಿದರೆ, ಯಾವ ಕ್ರಷರ್ ಸುತ್ತ ಎಷ್ಟು ಕೆಮ್ಮು ಎಂಬುದು ವರ್ಷದೊಳಗೆ ಗೋಚರವಾಗುತ್ತದೆ.

ಜನರ ನಡುವೆ ಇರುವ ಕೆಲವು ನಂಬಿಕೆಗಳ ಬಗ್ಗೆ ನೇರವಾಗಿ ಮಾತಾಡಬೇಕು. ದೂಳಿನ ಕೆಲಸ ಮಾಡಿದವರು ಸಂಜೆ ಬೆಲ್ಲ, ಬಾಳೆಹಣ್ಣು ತಿಂದರೆ ದೂಳು ಕಳೆಯುತ್ತದೆ ಎನ್ನುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಹೋಗುವುದು ಶ್ವಾಸನಾಳಕ್ಕೆ. ಒಂದನ್ನೊಂದು ಅವು ಮುಟ್ಟುವುದೇ ಇಲ್ಲ. ಮೂಗಿಗೆ ಕಟ್ಟುವ ಟವೆಲ್ ದಪ್ಪ ದೂಳನ್ನು ತಡೆದು, ಸಣ್ಣದನ್ನು ಬಿಟ್ಟುಕೊಡುತ್ತದೆ. ದೂಳಿಗೆಂದೇ ಮಾಡಿದ, ಮುಖಕ್ಕೆ ಸಂದಿಲ್ಲದೆ ಕೂರುವ ಮಾಸ್ಕ್ ಸ್ವಲ್ಪ ನೆರವಾಗುತ್ತದೆ, ಆದರೆ ಬೇಸಿಗೆಯ ಬಿಸಿಲಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡು ಬಂಡೆ ಹೊರು ಎಂದು ಹೇಳುವವರು ಒಂದು ದಿನ ತಾವು ಹೊತ್ತು ನೋಡಬೇಕು. ದೂಳನ್ನು ಮೂಗಿನ ಹತ್ತಿರ ತಡೆಯುವುದಕ್ಕಿಂತ ಹುಟ್ಟುವ ಜಾಗದಲ್ಲೇ ತಡೆಯಬೇಕು: ಯಂತ್ರಕ್ಕೆ, ಜರಡಿಗೆ, ಬೆಲ್ಟಿಗೆ ಮುಚ್ಚಳ, ನೀರಿನ ಸಿಂಪಡಣೆ, ಸುತ್ತ ಗಾಳಿ ತಡೆಯುವ ಗೋಡೆ, ಒಳದಾರಿಗೆ ಡಾಂಬರು, ಟಿಪ್ಪರಿಗೆ ಟಾರ್ಪಾಲು.

ನೀರು ಎಂದೊಡನೆ ಈ ತಾಲ್ಲೂಕುಗಳ ನಿಜವಾದ ಬಿಕ್ಕಟ್ಟು ಎದುರಾಗುತ್ತದೆ. ಪಾವಗಡದಲ್ಲಿ ಬಹುಕಾಲ ಕುಡಿಯುವ ನೀರೇ ಫ್ಲೋರೈಡ್ ತುಂಬಿದ ಆಳದ ಬೋರಿನದಾಗಿತ್ತು; ಹಲ್ಲು ಕಂದಿದ ತಲೆಮಾರುಗಳೇ ಅಲ್ಲಿವೆ. ಶಿರಾ, ಮಧುಗಿರಿಯಲ್ಲೂ ಬೋರು ಬತ್ತುವುದು ಪ್ರತಿ ಬೇಸಿಗೆಯ ಮಾತು. ದೂಳಡಗಿಸಲು ದಿನವಿಡೀ ನೀರು ಚಿಮುಕಿಸಬೇಕೆಂಬ ಷರತ್ತು ಕಾಗದದಲ್ಲಿರುತ್ತದೆ. ನೀರು ಎಲ್ಲಿಂದ ತರುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ಒಂದೋ ಊರಿನ ಅಂತರ್ಜಲ ಹೋಗುತ್ತದೆ, ಇಲ್ಲವೇ ಸಿಂಪಡಣೆ ನಿಲ್ಲುತ್ತದೆ. ಈ ಸೀಮೆಗೆ ನೀರು ನಂಬಿದ ತಡೆಗಿಂತ ಮುಚ್ಚಳ, ದೂಳು ಹೀರಿ ಚೀಲದಲ್ಲಿ ಹಿಡಿಯುವ ಯಂತ್ರ ಹೊಂದುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ದುಬಾರಿಯಾದರೂ ಸರಿ.

ಅದೇ ಬೋರುಗಳ ಇನ್ನೊಂದು ಮುಖವನ್ನು ಯಾವ ಮಂಡಳಿಯ ಕಡತದಲ್ಲೂ ಹುಡುಕಬೇಕಿಲ್ಲ, ಊರ ಹೊಲದಲ್ಲೇ ಕಾಣುತ್ತದೆ. ಬೋರ್‌ವೆಲ್ ಲಾರಿ ಗಾಳಿಯ ಒತ್ತಡದಲ್ಲಿ ಬಂಡೆ ಕೊರೆದು, ಹುಡಿಯನ್ನು ಮೇಲಕ್ಕೆ ಉಗುಳುತ್ತದೆ. ನೀರು ಸಿಗುವವರೆಗೆ ಅದು ಒಣ ಗ್ರಾನೈಟಿನ ಹಿಟ್ಟು. ಲಾರಿಯ ಹುಡುಗರು ತಲೆಯಿಂದ ಕಾಲವರೆಗೆ ಬೆಳ್ಳಗಾಗಿರುತ್ತಾರೆ. ತೆಂಗಿನಕಾಯಿ ಒಡೆದು ಪೂಜೆ ಮಾಡಿದ ರೈತನ ಮನೆಮಂದಿ, ಮಕ್ಕಳು, ನೆರೆಹೊರೆಯವರು ನೀರು ಬಂತೇ ಎಂದು ಸುತ್ತ ನೆರೆದಿರುತ್ತಾರೆ. ನೋಡಲು ನಿಂತವರಿಗೆ ಅದು ಒಂದು ದಿನದ ಮಾತು. ಲಾರಿಯವರಿಗೆ ಅದು ವರ್ಷವಿಡೀ, ಇಪ್ಪತ್ತರ ಹರೆಯದಿಂದ. ಗಾಳಿ ಬರುವ ಕಡೆ, ದೂರದಲ್ಲಿ ನಿಲ್ಲಿ ಎಂದು ಮಕ್ಕಳಿಗೆ ಹೇಳಲು ಖರ್ಚೇನೂ ಇಲ್ಲ.

ಇನ್ನು ಅಳತೆಯ ವಿಷಯ. ಕ್ರಷರ್ ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಗಾಳಿಯಲ್ಲಿ ತೇಲುವ ಕಣ ಒಂದು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಎಂಬುದು ಘಟಕದ ನಿಯಮ. ಜನ ವಾಸಿಸುವ ಕಡೆ, 2009ರ ರಾಷ್ಟ್ರೀಯ ಮಾನದಂಡದಂತೆ, ಹತ್ತು ಮೈಕ್ರಾನಿಗಿಂತ ಸಣ್ಣ ಕಣ ದಿನದ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ದಾಟಬಾರದು. ಎರಡೂ ಬೇರೆ ಬೇರೆ ಅಳತೆ, ಒಂದನ್ನು ತೋರಿಸಿ ಇನ್ನೊಂದು ಸರಿಯಿದೆ ಎನ್ನಲಾಗದು. ಎರಡರಲ್ಲೂ ಸಿಲಿಕಾ ಎಷ್ಟು ಎಂಬ ಲೆಕ್ಕ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕಾಕ್ಕೆ ಮಿತಿ ಇತ್ತು, ಸಿಲಿಕೋಸಿಸ್ ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಬೇಕೆಂಬ ವಿಧಿಯೂ ಇತ್ತು. ವಿದ್ಯುತ್ ಬಳಸಿ ಹತ್ತಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಂಡ ಘಟಕ ಸಾಮಾನ್ಯವಾಗಿ ಆ ಕಾಯ್ದೆಯ ಹೊರಗಿತ್ತು. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ ಎಂಬುದು ಇಲ್ಲಿ ಎದೆಯ ಪ್ರಶ್ನೆಯಾಗುತ್ತದೆ.

ಜನರನ್ನು ಕೇಳುವ ವೇದಿಕೆಯೂ ಇಕ್ಕಟ್ಟಿನದು. ಕ್ರಷರ್‌ಗೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಬೇಕಿಲ್ಲ. ಕಲ್ಲುಗಣಿಗೆ ಬೇಕು, ಅದೂ 5 ಹೆಕ್ಟೇರಿಗಿಂತ ಚಿಕ್ಕದಾಗಿ ಒಂಟಿಯಾಗಿದ್ದರೆ ಇಲ್ಲ. ಅಹವಾಲು ನಡೆಯುವ ಕಡೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಕ್ರಷರ್‌ನ ವಿಷಯದಲ್ಲಿ ಊರಿನ ಕೈಗೆಟಕುವ ಮುಖ್ಯ ಕಾಗದ ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ. ಮುಚ್ಚಳ ಹಾಕಬೇಕೇ, ಗೋಡೆ ಕಟ್ಟಬೇಕೇ, ಗಾಳಿ ಎಷ್ಟು ದಿನಕ್ಕೊಮ್ಮೆ ಅಳೆಯಬೇಕು ಎಂಬುದೆಲ್ಲ ಅದರಲ್ಲಿ ಷರತ್ತಾಗಿ ಬರೆದಿರುತ್ತದೆ. ಮಂಡಳಿಯ ತುಮಕೂರು ಕಚೇರಿಗೆ ಮಾಹಿತಿ ಹಕ್ಕಿನಡಿ, ಕನ್ನಡದಲ್ಲಿ, 150 ಪದ ಮೀರದ ಒಂದು ಅರ್ಜಿ ಮತ್ತು 10 ರೂಪಾಯಿ ಶುಲ್ಕ ಕೊಟ್ಟರೆ ಅದರ ಪ್ರತಿಯನ್ನೂ ಕಳೆದ ಅಳತೆಯ ವರದಿಯನ್ನೂ ಕೇಳಬಹುದು. ಅವೆರಡನ್ನೂ ಹಿಡಿದುಕೊಂಡು ಗ್ರಾಮಸಭೆಗೆ ಹೋಗಬಹುದು.